ಗೋಡೆ ನೋಡಲು ಬರುತ್ತಿದ್ದವರು

ಜನ್ನಾಪುರದಲ್ಲಿ ನಮ್ಮ ಮನೆಯನ್ನು ಸುಡದ ಮಣ್ಣಿನ ಇಟ್ಟಿಗೆಯಲ್ಲಿ ಕಟ್ಟಿಸಿದ ಆರ್ಕಿಟೆಕ್ಟ್, ಬಂದಾಗಲೆಲ್ಲ ಮೊದಲು ಗೋಡೆಯ ಮೈದಡವುತ್ತಿದ್ದರು; ನಮಗೆ ನಮಸ್ಕಾರ ಆಮೇಲೆ. ಸಿಮೆಂಟು, ಎಸಿ ಎಂದರೆ ಮುಖ ಸಿಂಡರಿಸುತ್ತಿದ್ದರು. "ಗೋಡೆ ಉಸಿರಾಡ್ಬೇಕು ಮಾರಾಯ್ರೇ!" ಎನ್ನುವುದೇ ಅವರ ಮಂತ್ರ. ಗೃಹಪ್ರವೇಶಕ್ಕೆ ಬಂದ ನೆಂಟರು ಮಾತ್ರ "ಪ್ಲಾಸ್ಟರಿಂಗ್ ಯಾವಾಗ?" ಎಂದು ಅಮ್ಮನ ತಲೆ ತಿಂದರು. ನಾಚಿಕೆ ತಡೆಯಲಾರದೆ ಅಮ್ಮ ಗುಟ್ಟಾಗಿ ಗಾರೆಯವನಿಗೆ ಹೇಳಿಕಳಿಸಿದಳು.

ಅವನು ಬಂದ ಏಪ್ರಿಲ್ ಮಧ್ಯಾಹ್ನ ಆರ್ಕಿಟೆಕ್ಟ್ ಆಗಲೇ ನಮ್ಮಲ್ಲಿದ್ದರು. ದುರ್ಗಿಗುಡಿಯ ಅವರ ಬಾಡಿಗೆ ಮನೆಗೆ ಕಾಂಕ್ರೀಟ್ ತಾರಸಿ, ಒಳಗೆ ಕಾದ ಕಾವಲಿ. "ಸ್ವಲ್ಪ ಗೋಡೆ ಚೆಕ್ ಮಾಡ್ತೀನಿ" ಎಂದು ಕೂತವರು ತಣ್ಣನೆಯ ಗೋಡೆಗೆ ಕೆನ್ನೆ ಒತ್ತಿ ಗೊರಕೆ ಹೊಡೆಯುತ್ತಿದ್ದರು.

ಗಾರೆಯವನು ಬಾಂಡ್ಲಿ ಇಳಿಸಿದ.

"ಶ್ಶ್, ಸದ್ದು ಮಾಡ್ಬೇಡಪ್ಪ. ಮಲಗ್ಲಿ ಪಾಪ, ನಾಳೆ ಬಾ" ಎಂದಳು ಅಮ್ಮ.

ಆ ಗೋಡೆಗೆ ಇವತ್ತಿಗೂ ಪ್ಲಾಸ್ಟರ್ ಬಿದ್ದಿಲ್ಲ. ಅದರ ಬುಡದಲ್ಲಿ ಅಮ್ಮ ಒಂದು ದಿಂಬು ಇಟ್ಟಿದ್ದಾಳೆ.