ಬೊರಿಯ ಕೊನೆಯ ಸೂಲು

ಮಾಲ್‌ಸುನ್‌ಳ ಸೊಂಟ ಹಿಡಿದುಕೊಂಡು ಎರಡು ಚಳಿಗಾಲ ಕಳೆದಿದ್ದವು. ಬೆಳಿಗ್ಗೆಯೆಲ್ಲ ಈರುಳ್ಳಿ ಸೊಪ್ಪಿನ ಹೊಲದಲ್ಲಿ ಬಗ್ಗಿ ದುಡಿದು ಮನೆಗೆ ಬಂದರೆ ಅಡುಗೆಮನೆ ತುಂಬ ನಾಯಿಮರಿಗಳ ಉಚ್ಚೆ. ಒಂದು ಮೂಲೆ ಒರೆಸಿ ಮುಗಿಸುವಷ್ಟರಲ್ಲಿ ಇನ್ನೊಂದು ಮೂಲೆ ಒದ್ದೆ. ಜಿಂದೊ ದ್ವೀಪದಲ್ಲಿ ನಾಯಿ ಸಾಕದ ಮನೆ ಕಡಿಮೆ. ಆದರೆ ಮರಿಗಳನ್ನು ಒಲೆಯ ಪಕ್ಕದಲ್ಲೇ ಮಲಗಿಸುವವಳು ಆ ಊರಿಗೆಲ್ಲ ಇವಳೊಬ್ಬಳೇ.

"ನಾಯಿ ಒಳಗೆ, ನಾನು ಹೊರಗೆ" ಎಂದು ಗಂಡ ಪಾನ್‌ಸೊಕ್ ಬಂದವರೆದುರು ಹಂಗಿಸುತ್ತಿದ್ದ. ಆದರೆ ಬಂದವರ ಮಡಿಲಿಗೆ ಒಂದೊಂದು ಮರಿ ಹಾಕಿಯೇ ಊಟಕ್ಕೆ ಕೂರಿಸುತ್ತಿದ್ದವನೂ ಅವನೇ. ಕುಕ್ಕರಿನ ಸದ್ದು, ಅಂಚೆಯವನ ಹೆಲ್ಮೆಟ್ಟು, ಮಕ್ಕಳ ಕಿರುಚಾಟ ಎಲ್ಲವೂ ಮರಿಗಳಿಗೆ ಎಳವೆಯಲ್ಲೇ ರೂಢಿಯಾಗಬೇಕೆಂಬುದು ಮಾಲ್‌ಸುನ್‌ಳ ಹಟ.

ಹಟಕ್ಕೆ ಕಾರಣವಿತ್ತು. ಹಿಂದೆ ಅವರಲ್ಲೊಂದು ಗಂಡುನಾಯಿಯಿತ್ತು. ಎಲ್ಲರಂತೆ ಅದನ್ನೂ ಮರಿಯಿದ್ದಾಗಲೇ ಹಿತ್ತಲ ಕಂಬಕ್ಕೆ ಕಟ್ಟಿದ್ದರು. ಅನ್ನ ಹಾಕುವ ಕೈಯೊಂದನ್ನು ಬಿಟ್ಟು ಬೇರೆ ಕೈಯನ್ನು ಅದು ಕಂಡಿರಲಿಲ್ಲ. ಪಕ್ಕದ ಮನೆಯ ಗುಮ್‌ಸಿಮ್‌ಳ ಮೊಮ್ಮಗ ಚೆಂಡು ಹುಡುಕುತ್ತ ಬಂದಾಗ ಅದು ಕಚ್ಚಿ ಅವನ ಕೆನ್ನೆ ಹರಿಯಿತು. ಪಾನ್‌ಸೊಕ್ ನಾಯಿಯನ್ನು ಗಾಡಿಗೆ ಹತ್ತಿಸಿಕೊಂಡು ಹೋಗಿ ಒಬ್ಬನೇ ಹಿಂತಿರುಗಿದ. ಗುಮ್‌ಸಿಮ್ ಜಗಳಕ್ಕೆ ಬರಲಿಲ್ಲ. ಆದರೆ ಅಂದಿನಿಂದ ಇವರ ಗೇಟು ದಾಟಲೂ ಇಲ್ಲ.

ಈಗ ತಾಯಿನಾಯಿ ಬೊರಿಗೆ ವಯಸ್ಸಾಗಿತ್ತು. ಇದೇ ಅದರ ಕೊನೆಯ ಸೂಲು. ಮರಿ ಸಾಕುವುದು ತನಗೂ ಇದೇ ಕೊನೆ ಎಂದು ಮಾಲ್‌ಸುನ್ ತೀರ್ಮಾನಿಸಿಬಿಟ್ಟಿದ್ದಳು. ಮಿಕ್ಕ ಮರಿಗಳು ಗಟ್ಟಿಯಾಗಿದ್ದವು. ಬೂದಿಬಣ್ಣದ ಹೆಣ್ಣುಮರಿ ಮಾತ್ರ ಪೊರಕೆಯೋ ಗುದ್ದಲಿಯ ಕಾವೋ ಕಣ್ಣಿಗೆ ಬಿದ್ದರೆ ಸಾಕು, ಅಕ್ಕಿ ಡಬ್ಬದ ಹಿಂದೆ ಸೇರಿ ನಡುಗುತ್ತಿತ್ತು. ಮೊದಲಾಗಿದ್ದರೆ ಅವಳು ನೆಲದ ಮೇಲೆ ಕೂತು ಗಂಟೆಗಟ್ಟಲೆ ರಮಿಸುತ್ತಿದ್ದಳು. ಈಗ ಕೂತರೆ ಏಳುವುದೇ ಕಷ್ಟ.

ಒಂದು ಮಧ್ಯಾಹ್ನ ಗುಮ್‌ಸಿಮ್ ಕೋಲೂರಿಕೊಂಡು ರಸ್ತೆಯಲ್ಲಿ ಹೋಗುತ್ತಿದ್ದಳು. ಪಾರ್ಶ್ವವಾಯು ಬಡಿದ ಮೇಲೆ ಅವಳ ಒಂದು ಕಾಲು ಎಳೆಯುತ್ತಿತ್ತು. ಮಾಲ್‌ಸುನ್ ಗೇಟಿನವರೆಗೆ ಹೋಗಿ ನಿಂತಳು.

"ಅಕ್ಕ, ಒಳಗ್ಬಂದು ಸ್ವಲ್ಪ ಹೊತ್ತು ಕೂತ್ಕೊಳ್ತೀಯಾ? ಒಂದು ಮರಿ ಕೋಲು ಕಂಡ್ರೆ ಹೆದರತ್ತೆ. ಇವತ್ತು ಹೆದರಿದ್ದು ನಾಳೆ ಕಚ್ಚತ್ತೆ. ನನ್ ಕೈಲಿ ಆಗ್ತಿಲ್ಲ."

"ಇಷ್ಟು ವರ್ಷ ಆದ್ಮೇಲೆ ಕರೀತಿದ್ದೀಯ, ಅದೂ ನಾಯಿಗೋಸ್ಕರ."

"ನಿನಗೋಸ್ಕರ ಕರಿಯೋಕೆ ಧೈರ್ಯ ಇರ್ಲಿಲ್ಲ ಅಕ್ಕ."

ಗುಮ್‌ಸಿಮ್ ಕೋಲೂರುತ್ತ ಹೊರಟುಹೋದಳು. ಮರುದಿನ ಬಂದಳು. ಬಾಗಿಲ ಬಳಿ ಕೋಲನ್ನು ಮುಂದಿಟ್ಟುಕೊಂಡು ಕೂತಳೇ ಹೊರತು ಯಾವ ಮರಿಯನ್ನೂ ಮುಟ್ಟಲಿಲ್ಲ. ಮಿಕ್ಕವು ಕೋಲಿನ ತುದಿ ಕಚ್ಚಿ ಎಳೆದಾಡಿದವು. ಬೂದಿಮರಿ ಡಬ್ಬದ ಹಿಂದೆಯೇ ಉಳಿಯಿತು. ಹೀಗೇ ಕೆಲವು ದಿನ ನಡೆಯಿತು. ಕೊನೆಗೊಮ್ಮೆ ಅದು ಹೊಟ್ಟೆ ನೆಲಕ್ಕೆ ಹಚ್ಚಿ ತೆವಳುತ್ತ ಬಂದು ಕೋಲನ್ನು ಮೂಸಿತು. ಆಮೇಲೆ ಅವಳ ಸೋತ ಕಾಲಿನ ಮೇಲೆ ಗಲ್ಲವಿಟ್ಟು ಮಲಗಿತು.

ಗುಮ್‌ಸಿಮ್ ಅಲುಗಾಡಲಿಲ್ಲ. ಮರಿಯನ್ನೇ ನೋಡುತ್ತ ಕೇಳಿದಳು: "ಆ ನಾಯೀನ ಕೊಂದ್ರಾ?"

"ನಾನು ಕೇಳ್ಲಿಲ್ಲ. ಅವ್ರು ಹೇಳ್ಲಿಲ್ಲ."

"ಕೊಲ್ಲಿ ಅಂತ ನಾನು ಹೇಳಿರ್ಲಿಲ್ಲ, ಮಾಲ್‌ಸುನ್. ನಮ್ಮಿಂದ ಅದ್ರ ಜೀವ ಹೋಯ್ತಲ್ಲ ಅಂತ ಈ ಮನೆಗೆ ಬರೋಕೆ ಮುಖ ಇರ್ಲಿಲ್ಲ."

ಅವಳಿಗಿರುವುದು ಕೋಪ ಎಂದೇ ಮಾಲ್‌ಸುನ್ ಇಷ್ಟು ವರ್ಷ ತಿಳಿದಿದ್ದಳು. ಎದ್ದು ಹೋಗಿ ಬಾರ್ಲಿ ಚಹಾ ಕಾಯಿಸಿ ತಂದು ಕೊಟ್ಟಳು.

ಮರಿಗಳು ಒಂದೊಂದಾಗಿ ಬೇರೆ ಮನೆ ಸೇರಿದವು. ಬೂದಿಮರಿಯನ್ನು ಒಯ್ಯಲು ಬಂದವರಿಗೆ, ಸರಪಳಿ ಹಾಕಿದ್ದು ಗೊತ್ತಾದರೆ ತಾನೇ ಬಂದು ಬಿಡಿಸಿಕೊಂಡು ಹೋಗುವುದಾಗಿ ಗುಮ್‌ಸಿಮ್ ಗದರಿಸಿ ಕಳಿಸಿದಳು. ಬೊರಿ ಕೆಲವು ದಿನ ಮೂಲೆ ಮೂಲೆ ಮೂಸಿ ಸುಮ್ಮನಾಯಿತು. ಮಾಲ್‌ಸುನ್‌ಳ ಸೊಂಟನೋವೇನೂ ಹೋಗಲಿಲ್ಲ. ಗುಮ್‌ಸಿಮ್ ಮಾತ್ರ ಮಧ್ಯಾಹ್ನ ಬರುವುದನ್ನು ಬಿಡಲಿಲ್ಲ. ಮಾತಿನ ನಡುವೆಯೇ ಮಾಲ್‌ಸುನ್ ಬೆಚ್ಚನೆಯ ನೆಲಕ್ಕೆ ಒರಗಿ ನಿದ್ದೆಹೋದರೆ, ಅವಳು ಎಬ್ಬಿಸದೆ ಬಾಗಿಲು ಮುಂದಕ್ಕೆಳೆದು ಹೋಗುತ್ತಿದ್ದಳು.