ಮಂಗಳವ್ವ ಬೇಬಾಕಿ ಪತ್ರ ತಂದದ್ದು

ಬ್ಯಾಡಗಿಯಲ್ಲಿ ಮಂಗಳವ್ವನ ಖಾರದಪುಡಿಗೆ ಹೆಸರಿತ್ತು. ಮೆಣಸಿನಕಾಯಿ ಪೇಟೆಯಲ್ಲಿ ಹಮಾಲಿ ಮಾಡುತ್ತಿದ್ದ ಗಂಡ ಮಾಲತೇಶಪ್ಪ ಆರಿಸಿ ತಂದ ಕಾಯಿಯನ್ನು ಬಿಸಿಲಿಗೆ ಹರವಿ, ತೊಟ್ಟು ಬಿಡಿಸಿ, ಒನಕೆಯಲ್ಲಿ ಕುಟ್ಟಿ ಮಾರುತ್ತಿದ್ದಳು. ಗಿರಾಕಿಗಳು ಹೆಚ್ಚಿದರು, ರಟ್ಟೆಗಳು ಸೋತವು. ೧೯೯೧ರ ದೀಪಾವಳಿ ಮುಗಿದ ಮೇಲೆ, ಖಾರ ಕುಟ್ಟುವ ಯಂತ್ರಕ್ಕೆ ಸಾಲ ಕೇಳಲು ಬ್ಯಾಂಕಿಗೆ ಹೋದಳು.

ಮ್ಯಾನೇಜರು ಕಾಗದ ತಿರುವಿ, "ಆಗೂದಿಲ್ರೀ. ರಾಣೆಬೆನ್ನೂರ ಸೊಸೈಟಿಯವರು ನಿಮ್ಮ ಹೆಸರು ಸುಸ್ತಿದಾರರ ಪಟ್ಟಿಯೊಳಗ ಕಳಿಸ್ಯಾರ. ಎಮ್ಮಿ ಸಾಲ ತೀರಿಸಿಲ್ಲಂತ" ಎಂದರು.

"ಎಮ್ಮಿ? ನಾ ಎಮ್ಮಿ ಬಾಲಾನೂ ಹಿಡದಾಕಿ ಅಲ್ರೀ! ಲಗ್ನ ಆದ ಹೊಸದಾಗಿ ರಾಣೆಬೆನ್ನೂರ ತವರಮನ್ಯಾಗಿದ್ದಾಗ ಹೊಲಿಗಿ ಮಶೀನಿಗೆ ಸಾಲ ತಗೊಂಡಿದ್ದೆ, ಖರೇ. ಪೈಸಾ ಬಿಡದಂಗ ಮುಟ್ಟಿಸೇನಿ."

"ಹಂಗಾದ್ರ ಬೇಬಾಕಿ ಪತ್ರ ತರ್ರಿ. ಏನೂ ಬಾಕಿ ಇಲ್ಲಂತ ಅವರು ಬರದು ಕೊಟ್ರ ಸಾಲಕ್ಕ ನನ್ನ ಅಡ್ಡಿ ಇಲ್ಲ."

ಅಷ್ಟರಲ್ಲಿ ಸುದ್ದಿ ಓಣಿ ತುಂಬಾ ಹಬ್ಬಿತ್ತು. ನಳದ ಹತ್ತಿರ ಹೆಂಗಸರು ಅವಳನ್ನು ಕಂಡು ಮಾತು ನಿಲ್ಲಿಸಿದರು.

"ಬಿಟ್ಟಬಿಡ. ಒನಕಿ ಐತಲ್ಲ" ಎಂದ ಮಾಲತೇಶಪ್ಪ.

"ಒನಕಿ ಮಾತಲ್ರೀ ಇದು, ನನ್ನ ಹೆಸರಿನ ಮಾತು" ಎಂದು ಅವಳು ಮರುದಿನವೇ ರಾಣೆಬೆನ್ನೂರಿನ ಬಸ್ಸು ಹತ್ತಿದಳು.

ಸೊಸೈಟಿಯ ಕಾರ್ಯದರ್ಶಿ ತಿರಕಪ್ಪ ತಲೆ ಎತ್ತದೆ, "ಖಾತೆ ಪುಸ್ತಕ ಮಂದಿಗೆ ತೋರಸೂದಲ್ಲವ್ವಾ" ಎಂದ.

"ಮಂದೀದು ಬ್ಯಾಡ್ರಿ, ನಂದು ತೋರಸ್ರಿ. ನನ್ನ ಹೆಸರಿನ ಮುಂದ ಏನ ಬರದೈತಿ ಅನ್ನೂದು ನನಗ ಗೊತ್ತಿರಬ್ಯಾಡೇನು?"

ಅವಳು ಬೆಂಚು ಬಿಟ್ಟು ಏಳಲಿಲ್ಲ. ಊಟದ ಹೊತ್ತು ಮೀರಿದ ಮೇಲೆ ತಿರಕಪ್ಪ ಪುಸ್ತಕ ತೆರೆದ. ಹೊಲಿಗೆ ಯಂತ್ರದ ಸಾಲ ಪೂರ್ತಿ ಜಮೆಯಾಗಿತ್ತು. ಅದರ ಕೆಳಗೇ ಎಮ್ಮೆ ಸಾಲ. 'ಮಂಗಳವ್ವ ಕೋಂ ಮಾಲತೇಶಪ್ಪ.' ಹೆಸರೂ ಅದೇ, ಗಂಡನ ಹೆಸರೂ ಅದೇ. ಅವಳು ಆ ಸಾಲನ್ನು ಎರಡೆರಡು ಸಲ ಓದಿದಳು. ಆಮೇಲೆ, "ಈ ಸಾಲದ ಅರ್ಜಿ ತಗೀರಿ, ನೋಡೂಣು" ಎಂದಳು.

ಅರ್ಜಿಯ ಕೆಳಗೆ ಹೆಬ್ಬೆಟ್ಟಿತ್ತು. ಮಂಗಳವ್ವ ಸಹಿ ಹಾಕುವವಳು. ಊರಿನ ಹೆಸರು ಓದುತ್ತ ತಿರಕಪ್ಪನ ದನಿ ಸಣ್ಣದಾಯಿತು: "ಮೇಡ್ಲೇರಿ..." ಕನ್ನಡಕ ತೆಗೆದು ಒರೆಸಿಕೊಂಡ. "ಆದ್ರೂ ಆಕಿ ಬಂದು ಸಾಲ ನಂದು ಅನ್ನೂಮಟ ನನಗ ತಿದ್ದಾಕ ಬರೂದಿಲ್ಲವ್ವಾ."

ಮಂಗಳವ್ವ ಅಲ್ಲಿಂದಲೇ ಮೇಡ್ಲೇರಿಗೆ ಹೋದಳು. ಆ ಊರಿನ ಮಂಗಳವ್ವ ಹೊಳೆಯಲ್ಲಿ ಎಮ್ಮೆ ಮೈ ತೊಳೆಯುತ್ತಿದ್ದಳು. ಸಾಲದ ಮಾತೆತ್ತಿದರೆ ಜಗಳ ತೆಗೆಯುತ್ತಾಳೇನೋ ಎಂದು ಬ್ಯಾಡಗಿಯವಳು ಅಳುಕುತ್ತಲೇ ಎಲ್ಲ ಹೇಳಿದಳು. ಆಕೆ ಕೈಯೊರೆಸಿಕೊಂಡು ದಡಕ್ಕೆ ಬಂದಳು.

"ಸಾಲ ನಂದ ತಂಗಿ, ನಾ ಯಾಕ ಸುಳ್ಳು ಹೇಳ್ಲಿ? ಎಲ್ಲಾ ತೀರಿಸೇನಿ, ಪಾವತಿ ಅದಾವ. ಆದ್ರ ಎರಡನೇ ಎಮ್ಮಿಗೆ ಸಾಲ ಕೇಳಿದ್ರ, ನಿನ್ನ ಹೆಸರಿನ್ಯಾಗ ಲೆಕ್ಕಾನ ಸರಿ ಇಲ್ಲ, ಆಮ್ಯಾಲ ಬಾ ಅಂತಾರ!"

ಇಬ್ಬರಿಗೂ ನಗು ಬಂತು. ಒಬ್ಬಳ ಸಾಲ ಇನ್ನೊಬ್ಬಳ ಖಾತೆಯಲ್ಲಿ ಕೂತಿತ್ತು. ಕಟ್ಟಿದ ಕಂತುಗಳು ಮಾತ್ರ ಮೇಡ್ಲೇರಿಯವಳ ಖಾತೆಯಲ್ಲೇ ಇದ್ದವು.

ಮರುದಿನ ಇಬ್ಬರು ಮಂಗಳವ್ವರೂ ಒಟ್ಟಿಗೆ ಬಾಗಿಲಲ್ಲಿ ನಿಂತಾಗ ತಿರಕಪ್ಪನೇ ಎದ್ದು ಕುರ್ಚಿ ಹಾಕಿಸಿದ. ಪಾವತಿ ತಾಳೆ ನೋಡಿದ, ಕೆಂಪು ಶಾಯಿಯಲ್ಲಿ ತಪ್ಪು ಹೊಡೆದು ತಿದ್ದಿದ, ಬೇಬಾಕಿ ಪತ್ರ ಬರೆದು ಸಿಕ್ಕಾ ಒತ್ತಿದ. "ತಪ್ಪು ನಮ್ದವ್ವಾ" ಎಂದ.

"ಬಾಯಿಲೆ ಅಂದ್ರ ಸಾಲದ್ರೀ. ಪಟ್ಟಿಯಿಂದ ನನ್ನ ಹೆಸರು ತಗದೇವಿ ಅಂತ ಬ್ಯಾಂಕಿಗೂ ಬರೀರಿ" ಎಂದಳು ಬ್ಯಾಡಗಿಯ ಮಂಗಳವ್ವ. ಬರೆದದ್ದನ್ನು ಅಕ್ಷರ ಬಿಡದೆ ಓದಿಕೊಂಡೇ ಕೈಗೆ ತೆಗೆದುಕೊಂಡಳು.

ಮರುವರ್ಷ ಮೇಡ್ಲೇರಿಯಲ್ಲಿ ಎರಡನೇ ಎಮ್ಮೆ ಕರು ಹಾಕಿತು. ಬ್ಯಾಡಗಿಗೆ ಯಂತ್ರ ಬಂತು. ಬೆಲ್ಟು ತಿರುಗಿದ ಮೊದಲ ದಿನ ಕೆಂಪು ಘಾಟು ಓಣಿಗೆಲ್ಲ ಹರಡಿ, ನೋಡಲು ನೆರೆದವರೆಲ್ಲ ಸೀನತೊಡಗಿದರು. ಎಲ್ಲರಿಗಿಂತ ಜೋರಾಗಿ ಸೀನಿದವನು ಮಾಲತೇಶಪ್ಪ. "ನನ್ನ ಹೇಣ್ತಿ ಮಶೀನು!" ಎನ್ನುತ್ತ, ಕಣ್ಣೊರೆಸಿಕೊಳ್ಳುತ್ತ, ಮತ್ತೆ ಸೀನಿದ.