ಗೆರೆಯ ಹೊರಗೆ ಬಿಟ್ಟ ಬೂಟು

ನಿನ್ನೆ ಮೊಮ್ಮಗಳು ಓಟದ ಬೂಟು ಕೊಂಡು ತಂದು ನನ್ನ ಮಂಚದ ಮೇಲೆಯೇ ಡಬ್ಬಿ ಬಿಚ್ಚಿದಳು. ಹೊಸ ರಬ್ಬರಿನ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ನಿಮಗೆ ಅದು ಅಂಗಡಿಯ ವಾಸನೆ ಇರಬಹುದು, ನನಗೆ ತವರುಮನೆಯ ವಾಸನೆ. ನಮ್ಮ ಊಟದ ತಾಟಿನಲ್ಲೂ ಅದು ಇರುತ್ತಿತ್ತು.

ಐವತ್ತರ ದಶಕ. ರೋಣದ ಪೇಟೆಯಲ್ಲಿ ಎಲ್ಲರೂ ಜೋಳ, ಕಡಲೆ, ಹತ್ತಿ ಅನ್ನುತ್ತಿದ್ದಾಗ ನಮ್ಮಪ್ಪ ದೊಡ್ಡಪ್ಪನ ಅರಿವೆ ಅಂಗಡಿ ಬಿಟ್ಟು ಓಟದ ಬೂಟು ಮಾಡಲು ಹೊರಟ. ಗಜೇಂದ್ರಗಡದ ಮಗ್ಗದ ದಪ್ಪ ಬಟ್ಟೆ, ಹುಬ್ಬಳ್ಳಿಯಿಂದ ರಬ್ಬರಿನ ತಳ. ಅವ್ವ ಹೊಲಿಯುವವಳು, ನಾನು ಲಾಡಿ ಪೋಣಿಸುವವಳು. ಓರಗೆಯವರು ರಂಗೋಲಿ ಕಲಿಯುವಾಗ ನಾನು ಎಡಗಾಲು ಬಲಗಾಲು ಕಲಿತೆ. ಅದರಲ್ಲೂ ಆಗಾಗ ಎರಡು ಎಡಗಾಲನ್ನೇ ಜೋಡಿ ಮಾಡಿ ಬೈಸಿಕೊಳ್ಳುತ್ತಿದ್ದೆ.

"ಓಡಾಕ ದೇವ್ರು ಕಾಲ ಕೊಟ್ಟಾನಲ್ಲೋ ತಮ್ಮಾ," ಎಂದು ದೊಡ್ಡಪ್ಪ ನಗುತ್ತಿದ್ದ.

"ಒಮ್ಮೆ ಮಂದಿ ಹಾಕ್ಕೊಂಡು ಓಡ್ಲಿ ಅಣ್ಣಾ. ಆಮ್ಯಾಲ ಬರಿಗಾಲಾಗ ಯಾರು ನಿಲ್ತಾರ ನೋಡು," ಎನ್ನುತ್ತಿದ್ದ ಅಪ್ಪ.

ಬೂಟುಗಳು ಗೂಡಿನಲ್ಲೇ ಕೂತವು. ಕೊನೆಗೆ ಅಪ್ಪ ತಾಲೂಕಿನ ಓಟದ ಪಂದ್ಯಕ್ಕೆ ಹೊರಟ ಶಾಲೆಯ ಹುಡುಗರಿಗೆಲ್ಲ ಬಿಟ್ಟಿಯಾಗಿ ಬೂಟು ಕೊಟ್ಟ. ಅವರು ಬೂಟು ತೊಟ್ಟು ಗೆದ್ದರೆ ನಾಲ್ಕು ಊರಿನವರು ಅಂಗಡಿಗೆ ಬರುತ್ತಾರೆ, ಇಲ್ಲದಿದ್ದರೆ ಬಾಗಿಲು ಹಾಕುವುದೇ. ಅವ್ವ ಆ ದಿನ ಉಪವಾಸವಿದ್ದಳು.

ಬಯಲಿನ ಸುತ್ತ ಮಂದಿಯೋ ಮಂದಿ. ನಮ್ಮ ಹುಡುಗರು ಬಿಳಿ ಬೂಟು ತೊಟ್ಟು ಮೆರೆಯುತ್ತ ಬಂದರು. ಸುಣ್ಣದ ಗೆರೆಯ ಹತ್ತಿರ ಬಂದವರೇ ಬೂಟು ಬಿಚ್ಚಿ ಸಾಲಾಗಿ ಇಟ್ಟರು. ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡರು. ಗರಡಿಯ ಮಣ್ಣಿನಲ್ಲಿ ಬೆಳೆದ ಹುಡುಗರು, ಆಡುವ ನೆಲಕ್ಕೆ ಕಾಲಲ್ಲಿ ಬೂಟು ಇಟ್ಟುಕೊಂಡು ಇಳಿದಾರೆಯೇ? ಬರಿಗಾಲಲ್ಲೇ ಓಡಿದರು. ಗೆದ್ದೂಬಿಟ್ಟರು.

ಗೆದ್ದ ಹುಡುಗ ಏದುಸಿರು ಬಿಡುತ್ತ ಅಪ್ಪನಿಗೆ ಕೂಗಿ ಹೇಳಿದ: "ಕಾಕಾರ, ನಿಮ್ಮ ಬೂಟಿಗಿ ಒಂಚೂರೂ ಮಣ್ಣ ಹತ್ತಗೊಟ್ಟಿಲ್ರಿ!"

"ಭಾಳ ಚಲೋ ಆತಪಾ," ಎಂದ ಅಪ್ಪ. ಅವನ ಬೆನ್ನು ತಟ್ಟಲು ಬಯಲಿಗೆ ಇಳಿದ. ಇಳಿಯುವ ಮೊದಲು ತನ್ನ ಬೂಟನ್ನೂ ಬಿಚ್ಚಿ ಗೆರೆಯ ಹೊರಗೆ ಬಿಟ್ಟ. ಬಿಟ್ಟದ್ದು ಅವನಿಗೆ ಗೊತ್ತೇ ಆಗಲಿಲ್ಲ. ನಾನು ನೋಡಿದೆ.

ಮುಂದೆ ಅಪ್ಪ ದೊಡ್ಡಪ್ಪನ ಅಂಗಡಿಯಲ್ಲಿ ಗಜಕೋಲು ಹಿಡಿದು ಕೂತ. ಸಾಯುವ ತನಕ ಬೂಟಿನ ಮಾತೆತ್ತಲಿಲ್ಲ.

ಅಂದಿನಿಂದ ಮೈದಾನದ ಕಡೆ ತಲೆ ಹಾಕದವಳು ಇವತ್ತು ಬೆಳಿಗ್ಗೆ ಮೊಮ್ಮಗಳ ಜೊತೆ ಹೋದೆ. ಅಲ್ಲಿ ಬರಿಗಾಲಿನವರು ಒಬ್ಬರೂ ಇರಲಿಲ್ಲ. ನೆಲ ಮುಟ್ಟಿದವರೂ ಇರಲಿಲ್ಲ. ಅಪ್ಪನದು ಹುಚ್ಚು ಎಂದುಕೊಂಡೇ ಇಷ್ಟು ವರ್ಷ ಸಮಾಧಾನ ಮಾಡಿಕೊಂಡಿದ್ದೆ. ಅವನು ಅಂದು ದೊಡ್ಡಪ್ಪನಿಗೆ ಹೇಳಿದ್ದು ಖರೇ ಇತ್ತು. ಇನ್ನು ನನಗೆ ಆ ಸಮಾಧಾನವೂ ಇಲ್ಲ.